ತಾತಗುಣಿಯ ಚಿತ್ರಗಳು ಯಾರವು?

ನಮ್ಮೂರು ಶಿವಾರಪಟ್ಟಣ. ಕೋಲಾರ ಜಿಲ್ಲೆ, ಮಾಲೂರು ತಾಲ್ಲೂಕು. ಬೆಂಗಳೂರಲ್ಲಿ ಯಾರಿಗಾದರೂ ಹೇಳಿದರೆ, "ಓ, ವಿಗ್ರಹ ಕೆತ್ತೋ ಊರಾ?" ಅಂತಾರೆ. ಹೌದು, ಅದೇ ಊರು. ಬಸ್ಸಿಳಿದ ಕೂಡಲೇ ಕಿವಿಗೆ ಬೀಳೋದು ಉಳಿ-ಸುತ್ತಿಗೆಯ ಸದ್ದು. ಈಗೀಗ ಅದರ ಜೊತೆ ಕಟಿಂಗ್ ಮಷಿನ್ನಿನ ಕಿರುಚಾಟವೂ ಸೇರಿಕೊಂಡಿದೆ. ರಸ್ತೆ ಬದಿಯಲ್ಲೇ ಅರ್ಧ ಮುಗಿದ ಗಣಪ, ಇನ್ನೂ ಗದೆ ಬಾರದ ಆಂಜನೇಯ, ಗೋಣಿಚೀಲ ಸುತ್ತಿಸಿಕೊಂಡು ಲಾರಿಗೆ ಕಾಯುತ್ತಾ ಕೂತ ನಂದಿ.

ಚಿಕ್ಕವನಿದ್ದಾಗ ರಜೆ ಬಂದರೆ ಸೋದರಮಾವನ ಕೆಲಸದ ಚಪ್ಪರದಲ್ಲೇ ನನ್ನ ವಾಸ. ಒಂದು ಸಲ ಕೇಳಿದ್ದೆ, "ಮಾಮ, ಇದ್ರ ಮ್ಯಾಲೆ ನಿನ್ ಹೆಸ್ರು ಯಾಕೆ ಕೆತ್ತಲ್ಲ?"

ಮಾಮ ನಕ್ಕುಬಿಟ್ಟ. "ಕಣ್ಣು ತೆಗೆಯೋಗಂಟ ಅದು ಕಲ್ಲು ಕಣಪ್ಪ, ನಂದೇ. ಕಣ್ಣು ತೆಗೆದ್ಮ್ಯಾಲೆ ದೇವ್ರು. ದೇವ್ರ ಮ್ಯಾಲೆ ನನ್ ಹೆಸ್ರು ಬರೆದ್ರೆ ಚೆಂದಾಗಿರ್ತದಾ?"

ಆ ಮಾತು ಎಷ್ಟೋ ವರ್ಷ ಮರೆತೇ ಹೋಗಿತ್ತು. ನೆನಪಾಗಿದ್ದು ಕನಕಪುರ ರಸ್ತೆಗೆ ಮನೆ ಬದಲಾಯಿಸಿದ ಮೇಲೆ.

ಹಸಿರು ಮೆಟ್ರೊ ಈಗ ರೇಷ್ಮೆ ಸಂಸ್ಥೆಯವರೆಗೆ ಬರುತ್ತದೆ. ಅದೇ ಕೊನೆಯ ನಿಲ್ದಾಣ. ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ ಹೋದರೆ ತಾತಗುಣಿ. ಅಪಾರ್ಟ್‌ಮೆಂಟುಗಳ ನಡುವೆ ಒಮ್ಮೆಗೇ ಕಾಡಿನ ಥರ ಮರಗಳು, ಕಾಂಪೌಂಡು, ಗೇಟು. ವಾರಕ್ಕೆ ಐದು ದಿನ ಆ ರಸ್ತೆಯಲ್ಲಿ ಹೋಗಿ ಬರೋ ನಮ್ಮಲ್ಲಿ ಎಷ್ಟೋ ಜನಕ್ಕೆ ಅದು 'ರೋರಿಕ್ ಎಸ್ಟೇಟ್' ಅಂತಷ್ಟೇ ಗೊತ್ತು. ಕ್ಯಾಬ್ ಡ್ರೈವರ್‌ಗಳಿಗೆ ಅದು 'ದೇವಿಕಾ ರಾಣಿ ತೋಟ'. ಆ ಗೇಟಿನ ಹಿಂದೆ ಇರೋ ಕಥೆ ಮಾತ್ರ ನ್ಯೂಯಾರ್ಕಿನಲ್ಲಿ ಶುರುವಾಗಿ ಬೆಂಗಳೂರಿಗೆ ಬಂದು ಮಾಸ್ಕೋಗೆ ಹೋಗುತ್ತದೆ. ಕಥೆಯ ಉದ್ದಕ್ಕೂ ಪ್ರಶ್ನೆ ಒಂದೇ: ಈ ಚಿತ್ರಗಳು ಯಾರವು?

ಮೊದಲು ಅಪ್ಪನಿಂದ ಶುರು ಮಾಡೋಣ.

ನಿಕೊಲಾಯ್ ರೋರಿಕ್ ಹುಟ್ಟಿದ್ದು 1874ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಚಿತ್ರಕಾರ, ಪ್ರಾಚ್ಯ ವಸ್ತು ಅಗೆಯುವವ, ರಂಗಸಜ್ಜಿಕೆ ಮಾಡುವವ, ಯಾತ್ರಿಕ, ಜೊತೆಗೆ ಒಂಥರಾ ಗುರು. 1913ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟ್ರವಿನ್ಸ್ಕಿಯ 'ರೈಟ್ ಆಫ್ ಸ್ಪ್ರಿಂಗ್' ಬ್ಯಾಲೆಗೆ ಜನ ಥಿಯೇಟರಿನಲ್ಲೇ ಗಲಾಟೆ ಎಬ್ಬಿಸಿದರಲ್ಲ, ಅದರ ರಂಗಸಜ್ಜಿಕೆ, ವೇಷಭೂಷಣ ಈತನದೇ. ಕ್ರಾಂತಿಯ ನಂತರ ರಷ್ಯಾ ಬಿಟ್ಟು ಅಮೆರಿಕಕ್ಕೆ ಹೋದ. ಅಲ್ಲಿಂದ ಏಷ್ಯಾ ಯಾತ್ರೆ. ಕೊನೆಗೆ ಹೆಂಡತಿ ಹೆಲೆನಾ, ಮಕ್ಕಳಾದ ಯೂರಿ, ಸ್ವೆತೊಸ್ಲಾವ್ ಜೊತೆ ಕುಲ್ಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿದ. 1947ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡ. ಹಿಮಾಲಯವನ್ನು ನೀಲಿ, ನೇರಳೆ, ಕೇಸರಿ ಬಣ್ಣಗಳಲ್ಲಿ ಬಿಡಿಸಿದ್ದೇ ಬಿಡಿಸಿದ್ದು. ಒಟ್ಟು ಸುಮಾರು ಏಳು ಸಾವಿರ ಚಿತ್ರ ಅಂತ ಲೆಕ್ಕ ಹೇಳುತ್ತಾರೆ. ನಮ್ಮ ದೇಶ ಈತನನ್ನು ಎಷ್ಟು ತನ್ನವನು ಅಂದುಕೊಂಡಿದೆ ಅಂದ್ರೆ, 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಕೆಳಗೆ 'ಕಲಾನಿಧಿ' ಎಂದು ಘೋಷಿಸಿದ ಒಂಬತ್ತು ಕಲಾವಿದರಲ್ಲಿ ರವಿವರ್ಮ, ಠಾಕೂರರು, ಅಮೃತಾ ಶೇರ್-ಗಿಲ್, ಜಾಮಿನಿ ರಾಯ್ ಇವರ ಸಾಲಿನಲ್ಲಿ ಈ ರಷ್ಯನ್ನನೂ ಇದ್ದಾನೆ. ಇಲ್ಲಿರುವ ಆತನ ಚಿತ್ರವನ್ನು ನಮ್ಮಿಷ್ಟಕ್ಕೆ ಮಾರಾಟಕ್ಕೆಂದು ದೇಶದಿಂದ ಹೊರಗೆ ಸಾಗಿಸೋ ಹಾಗಿಲ್ಲ.

ಬೆಲೆ ಎಷ್ಟು ಅಂತ ಕೇಳೋರಿಗೆ: 2013ರಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಈತನ 'ಮಡೋನಾ ಲೇಬೊರಿಸ್' ಅನ್ನೋ ಒಂದೇ ಚಿತ್ರ ಹತ್ತಿರ ಹತ್ತಿರ 79 ಲಕ್ಷ ಪೌಂಡಿಗೆ ಹೋಯಿತು. ಜಗಳಗಳು ಯಾಕೆ ಇಷ್ಟು ಉದ್ದ ಎಳೆದವು ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದು. ಆದರೆ ಬರೀ ದುಡ್ಡು ಅಂತ ಹೇಳಿ ಮುಗಿಸೋ ಹಾಗೂ ಇಲ್ಲ.

ಮೊದಲನೇ ಜಗಳ ನ್ಯೂಯಾರ್ಕಿನದು.

ಲೂಯಿ ಹಾರ್ಚ್ ಅಂತ ಒಬ್ಬ ಶ್ರೀಮಂತ. ರೋರಿಕ್‌ನ ಭಕ್ತ ಅಂದರೂ ತಪ್ಪಿಲ್ಲ. 1923ರಲ್ಲಿ ರೋರಿಕ್ ಮ್ಯೂಸಿಯಂ ಶುರುವಾಯಿತು. 1929ರಲ್ಲಿ ಹಡ್ಸನ್ ನದಿ ದಂಡೆಯ ರಿವರ್‌ಸೈಡ್ ಡ್ರೈವಿನಲ್ಲಿ 'ಮಾಸ್ಟರ್ ಬಿಲ್ಡಿಂಗ್' ಅನ್ನೋ ಗಗನಚುಂಬಿಯೇ ಎದ್ದಿತು. ಕೆಳಗಿನ ಅಂತಸ್ತುಗಳಲ್ಲಿ ಮ್ಯೂಸಿಯಂ, ಕಲಾಶಾಲೆ. ಮೇಲೆ ಬಾಡಿಗೆ ಮನೆಗಳು. ಒಬ್ಬ ಜೀವಂತ ಕಲಾವಿದನ ಹೆಸರಲ್ಲಿ ಮ್ಯಾನ್‌ಹಟ್ಟನ್ನಿನಲ್ಲಿ ಅಷ್ಟು ಎತ್ತರದ ಕಟ್ಟಡ! ಅದೇ ವರ್ಷ ಷೇರು ಮಾರುಕಟ್ಟೆ ಬಿತ್ತು. ಸಾಲ, ಬಾಡಿಗೆ, ಬಡ್ಡಿ ಎಲ್ಲ ಸಿಕ್ಕುಸಿಕ್ಕಾಯಿತು.

1935ರ ಏಪ್ರಿಲ್ 15ರಂದು ಶ್ವೇತಭವನದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಎದುರಿಗೆ ಅಮೆರಿಕ ಖಂಡಗಳ ದೇಶಗಳು 'ರೋರಿಕ್ ಒಪ್ಪಂದ'ಕ್ಕೆ ಸಹಿ ಹಾಕಿದವು. ಯುದ್ಧದಲ್ಲೂ ಶಾಂತಿಯಲ್ಲೂ ಮ್ಯೂಸಿಯಂ, ಸ್ಮಾರಕ, ಶಾಲೆಗಳನ್ನು ಯಾರೂ ಮುಟ್ಟಬಾರದು ಅನ್ನೋದೇ ಅದರ ತಿರುಳು. ಜಗತ್ತಿನ ಮ್ಯೂಸಿಯಂಗಳನ್ನೆಲ್ಲ ಕಾಪಾಡಲು ಒಪ್ಪಂದ ಮಾಡಿಸಿದ ಮನುಷ್ಯ ಅದೇ ವರ್ಷ ತನ್ನ ಮ್ಯೂಸಿಯಮ್ಮನ್ನೇ ಕಳಕೊಂಡ. ಹಾರ್ಚ್ ಜೊತೆಗಿನ ಸಂಬಂಧ ಮುರಿಯಿತು. ಸಂಸ್ಥೆಯ ಷೇರುಗಳು ಹಾರ್ಚ್ ಕೈ ಸೇರಿದ್ದವು. ಚಿತ್ರಗಳು ಅಮೆರಿಕದ ಜನರಿಗೇ ಸೇರಿದ್ದು, ಟ್ರಸ್ಟಿಗಳು ಹಾಗೆಂದು ಘೋಷಿಸಿದ್ದಾರೆ ಅಂತ ರೋರಿಕ್ ಪಕ್ಷದವರು ವಾದಿಸಿದರು. ಕೋರ್ಟು ನೋಡಿದ್ದು ಕಾಗದವನ್ನು, ಕಾಗದ ಹಾರ್ಚ್ ಹೆಸರಲ್ಲಿತ್ತು. ಸಾವಿರದಷ್ಟು ಚಿತ್ರಗಳು ಬರೆದವನ ಕೈ ತಪ್ಪಿದವು. ಮುಂದೆ ಅವು ಅಲ್ಲಿ ಇಲ್ಲಿ ಚದುರಿಹೋದವು. ಅಭಿಮಾನಿಗಳು 1949ರಲ್ಲಿ 107ನೇ ಬೀದಿಯ ಒಂದು ಪುಟ್ಟ ಮನೆಯಲ್ಲಿ ಹೊಸದಾಗಿ ಮ್ಯೂಸಿಯಂ ಕಟ್ಟಿಕೊಂಡರು. ಅದು ಇವತ್ತಿಗೂ ಇದೆ.

ಈ ಪೆಟ್ಟನ್ನು ಹತ್ತಿರದಿಂದ ಕಂಡವನು ಕಿರಿಮಗ ಸ್ವೆತೊಸ್ಲಾವ್. ಈತನೇ ನಮ್ಮ ತಾತಗುಣಿಯವನು.

ಸ್ವೆತೊಸ್ಲಾವ್ ಹುಟ್ಟಿದ್ದು 1904ರಲ್ಲಿ. ಅಪ್ಪ ಬೆಟ್ಟ ಬರೆದರೆ ಮಗ ಹೆಚ್ಚಾಗಿ ಮುಖ ಬರೆದ. ಸಂಸತ್ತಿನ ಸೆಂಟ್ರಲ್ ಹಾಲಿನ ನೆಹರೂ ಚಿತ್ರ ಈತನದು. 1945ರಲ್ಲಿ ಈತ ದೇವಿಕಾ ರಾಣಿಯನ್ನು ಮದುವೆಯಾದ. ದೇವಿಕಾ ರಾಣಿ ಅಂದ್ರೆ ಆಗಿನ ಕಾಲಕ್ಕೆ ಹಿಂದಿ ಚಿತ್ರರಂಗದ ಮಹಾರಾಣಿ. ಗಂಡ ಹಿಮಾಂಶು ರಾಯ್ ಜೊತೆ 1934ರಲ್ಲಿ ಬಾಂಬೆ ಟಾಕೀಸ್ ಕಟ್ಟಿದವರು, 'ಅಛೂತ್ ಕನ್ಯಾ' ನಾಯಕಿ. ರಾಯ್ ತೀರಿಕೊಂಡ ಮೇಲೆ ಸ್ಟುಡಿಯೋವನ್ನು ತಾವೇ ನಡೆಸಿದರು. ದಿಲೀಪ್ ಕುಮಾರ್‌ಗೆ ಮೊದಲ ಅವಕಾಶ ಕೊಟ್ಟವರೂ ಅವರೇ. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಶುರುವಾದಾಗ ಅದನ್ನು ಮೊಟ್ಟಮೊದಲು ಪಡೆದದ್ದೂ ಅವರೇ. ಅಂಥವರು ಬಣ್ಣದ ಲೋಕಕ್ಕೆ ಬೆನ್ನು ಮಾಡಿ, ಗಂಡನ ಜೊತೆ ಬೆಂಗಳೂರು ಹೊರವಲಯದ 468 ಎಕರೆಯಲ್ಲಿ ಬಂದು ಕೂತರು. ಅಲ್ಲಿ ಬೆಳೆದದ್ದು ಲಿನಾಲೊ ಅನ್ನೋ ಮೆಕ್ಸಿಕೊ ಮೂಲದ ಮರ. ಅದರಿಂದ ಸುಗಂಧದ ಎಣ್ಣೆ ಇಳಿಸುತ್ತಾರೆ, ಸೆಂಟು ಸೋಪಿಗೆ ಬಳಸುತ್ತಾರೆ. ಆ ಬೆಳೆಯಿಂದಾಗಿಯೇ ಭೂಸುಧಾರಣೆಯ ಕಾಲದಲ್ಲಿ ಅಷ್ಟು ದೊಡ್ಡ ಜಮೀನಿಗೆ ಮಿತಿಯಿಂದ ವಿನಾಯಿತಿ ಸಿಕ್ಕಿದ್ದು.

ಸ್ವೆತೊಸ್ಲಾವ್ ಬೆಂಗಳೂರಿಗೆ ಕೊಟ್ಟದ್ದೂ ಕಡಿಮೆಯಲ್ಲ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತನ್ನು ಎಂ.ಎಸ್. ನಂಜುಂಡರಾವ್ ಕಟ್ಟುವಾಗ ಬೆನ್ನಿಗೆ ನಿಂತವರಲ್ಲಿ ಈತನೂ ಒಬ್ಬ. ತನ್ನ, ತನ್ನಪ್ಪನ ಚಿತ್ರಗಳನ್ನು ಪರಿಷತ್ತಿಗೆ ಕೊಟ್ಟ. ಚಿತ್ರಸಂತೆಗೆ ಹೋದವರು ರಸ್ತೆಯಲ್ಲೇ ಸುತ್ತಿ, ಹೋಳಿಗೆ ತಿಂದು, ಸೆಲ್ಫಿ ತೆಗೆದು ಬರ್ತೀವಿ. ಒಳಗಿನ ರೋರಿಕ್ ಗ್ಯಾಲರಿಗೆ ಎಷ್ಟು ಜನ ಹೋಗ್ತೀವೋ ನೀವೇ ಹೇಳಿ.

ಇಬ್ಬರಿಗೂ ಮಕ್ಕಳಿರಲಿಲ್ಲ. ವಯಸ್ಸಾಯಿತು, ಆರೋಗ್ಯ ಕೆಟ್ಟಿತು. ಕೊನೆಯ ವರ್ಷಗಳಲ್ಲಿ ತೋಟ ಬಿಟ್ಟು ಅಶೋಕ ಹೋಟೆಲಿನ ಕೋಣೆಯಲ್ಲಿ ಇದ್ದರು. ನಾಲ್ಕು ನೂರು ಎಕರೆ ಜಮೀನು, ಅಪ್ಪ ಮಗ ಇಬ್ಬರ ಚಿತ್ರಗಳು, ಒಡವೆ, ಪುರಾತನ ವಸ್ತುಗಳು, ಎದುರಿಗೆ ಹಾಸಿಗೆ ಹಿಡಿದ ಇಬ್ಬರು ಮುದುಕರು. ನಮ್ಮ ನಿಮ್ಮ ಬಂಧುಬಳಗದಲ್ಲಿ ಒಂದು ಮೂವತ್ತು-ನಲವತ್ತು ಸೈಟಿಗೆ ಏನೇನು ನಡೆಯುತ್ತೆ ಅಂತ ಗೊತ್ತಲ್ಲ, ಅದನ್ನು ನೂರು ಪಟ್ಟು ಮಾಡಿಕೊಳ್ಳಿ.

1993ರ ಜನವರಿ 30ರಂದು ಸ್ವೆತೊಸ್ಲಾವ್ ತೀರಿಕೊಂಡರು. 1994ರ ಮಾರ್ಚ್ 9ರಂದು ದೇವಿಕಾ ರಾಣಿಯೂ ಹೋದರು. ಅಷ್ಟರಲ್ಲಾಗಲೇ ಬೆಂಗಳೂರಿನ ಪತ್ರಿಕೆಗಳಿಗೆ ಇದು ನಿತ್ಯದ ಸುದ್ದಿ. ಆಪ್ತರಾಗಿದ್ದವರ ಮೇಲೆ ಆರೋಪ, ಚಿತ್ರಗಳು ಒಡವೆಗಳು ಕಾಣುತ್ತಿಲ್ಲ ಅಂತ ದೂರು, ಉಯಿಲಿನ ಬಗ್ಗೆ ತಕರಾರು. 1991ರಲ್ಲೇ ಜಮೀನಿನ ಒಂದು ಭಾಗವನ್ನು ಕ್ರಯಕ್ಕೆ ತಗೊಂಡಿದ್ದೀವಿ ಅಂತ ಕೆ.ಟಿ. ಪ್ಲಾಂಟೇಶನ್ ಅನ್ನೋ ಖಾಸಗಿ ಕಂಪನಿ ಮುಂದೆ ಬಂತು. ಯಾರ ಕೈಯಲ್ಲಿ ಏನು ಕಾಗದ ಇದೆ, ಸಹಿ ಹಾಕುವಾಗ ಅವರಿಗೆ ಪ್ರಜ್ಞೆ ನೆಟ್ಟಗಿತ್ತಾ, ಪಕ್ಕದಲ್ಲಿ ಯಾರಿದ್ದರು — ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದ ಇಬ್ಬರೂ ಈಗ ಇರಲಿಲ್ಲ.

ಆಗ ಕರ್ನಾಟಕ ಸರ್ಕಾರ ಒಂದು ಅಪರೂಪದ ಕೆಲಸ ಮಾಡಿತು. ಒಂದೇ ಒಂದು ಆಸ್ತಿಗಾಗಿ ಒಂದು ಕಾಯ್ದೆ! ಮೊದಲು ಸುಗ್ರೀವಾಜ್ಞೆ, ಆಮೇಲೆ 1996ರ 'ರೋರಿಕ್ ಮತ್ತು ದೇವಿಕಾ ರಾಣಿ ರೋರಿಕ್ ಎಸ್ಟೇಟ್ (ಸ್ವಾಧೀನ ಮತ್ತು ವರ್ಗಾವಣೆ) ಕಾಯ್ದೆ'. ಮರಗಳನ್ನು ಉಳಿಸಬೇಕು, ಚಿತ್ರ ಮತ್ತು ಕಲಾವಸ್ತುಗಳನ್ನು ಕಾಪಾಡಬೇಕು, ಕಲಾ ಗ್ಯಾಲರಿ ಮತ್ತು ಮ್ಯೂಸಿಯಂ ಮಾಡಬೇಕು — ಇದು ಕಾಯ್ದೆಯ ಉದ್ದೇಶ. ಇಡೀ ಎಸ್ಟೇಟಿಗೆ 5 ಕೋಟಿ ರೂಪಾಯಿ ಪರಿಹಾರ. ಕಂಪನಿ ಕೋರ್ಟಿಗೆ ಹೋಯಿತು. ಹೈಕೋರ್ಟು ದಾಟಿ ಸುಪ್ರೀಂ ಕೋರ್ಟು, ಅಲ್ಲೂ ಐದು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೆ ವಿಷಯ ಬೆಳೆಯಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಈ ಭಾಗ ಚಿತ್ರಕಲೆಗೆ ಸಂಬಂಧ ಇಲ್ಲದ ನಮಗೂ ತಟ್ಟುವಂಥದ್ದು. 1978ರ ನಲವತ್ತನಾಲ್ಕನೇ ತಿದ್ದುಪಡಿಯಾದ ಮೇಲೆ ಆಸ್ತಿ ಅನ್ನೋದು ನಮ್ಮಲ್ಲಿ ಮೂಲಭೂತ ಹಕ್ಕಲ್ಲ. ಸಂವಿಧಾನದ 300ಎ ವಿಧಿ ಹೇಳೋದು ಇಷ್ಟೇ: ಕಾನೂನಿನ ಅಧಿಕಾರ ಇಲ್ಲದೆ ಯಾರ ಆಸ್ತಿಯನ್ನೂ ಕಸಿಯೋ ಹಾಗಿಲ್ಲ. ಹಾಗಾದರೆ ಸರ್ಕಾರ ಒಂದು ಕಾನೂನು ಮಾಡಿಬಿಟ್ಟರೆ ಏನು ಬೇಕಾದರೂ ತಗೋಬಹುದಾ? ಪರಿಹಾರ ಕೊಡದೇನೂ? 2011ರ ಆಗಸ್ಟ್ 9ರಂದು ಬಂದ ತೀರ್ಪು ಕಾಯ್ದೆಯನ್ನು ಎತ್ತಿಹಿಡಿಯಿತು, ಕಂಪನಿ ಸೋತಿತು. ಆದರೆ ಅದೇ ತೀರ್ಪು ಸರ್ಕಾರಕ್ಕೂ ಗೆರೆ ಎಳೆಯಿತು. ಆಸ್ತಿ ತಗೋಬೇಕಾದರೆ ಸಾರ್ವಜನಿಕ ಉದ್ದೇಶ ಇರಲೇಬೇಕು. ಪರಿಹಾರದ ಮಾತು 300ಎ ವಿಧಿಯಲ್ಲಿ ಬಾಯಿಬಿಟ್ಟು ಹೇಳದಿದ್ದರೂ ಒಳಗೆ ಅಡಗಿದೆ. ಕಾನೂನು ಮನಸೋಇಚ್ಛೆಯದಾಗಿದ್ದರೆ ಕೋರ್ಟು ಕೇಳುತ್ತದೆ. ಇವತ್ತು ದೇಶದ ಯಾವ ಮೂಲೆಯಲ್ಲಾದರೂ ರಸ್ತೆಗೋ ಮೆಟ್ರೊಗೋ ಜಮೀನು ಕಳಕೊಂಡವರ ಪರ ವಕೀಲರು ವಾದ ಮಾಡುವಾಗ 'ಕೆ.ಟಿ. ಪ್ಲಾಂಟೇಶನ್' ಹೆಸರು ಬರುತ್ತದೆ. ಹಿಮಾಲಯ ಬರೆದವನ ಮಗನ ತೋಟದ ಜಗಳ ಹೀಗೆ ನಮ್ಮ ನಿಮ್ಮ ಸೈಟಿನ ಕಾಗದದವರೆಗೂ ಬಂದಿದೆ.

ಕೇಸು ಗೆದ್ದಾಯ್ತು. ಮ್ಯೂಸಿಯಂ? 'ಸಾರ್ವಜನಿಕ ಉದ್ದೇಶ' ಅನ್ನೋ ಮಾತಿನ ಬಲದ ಮೇಲೆ ಸರ್ಕಾರ ಹದಿನೈದು ವರ್ಷ ಹೋರಾಡಿತು. ತೀರ್ಪಿನ ನಂತರ ಯೋಜನೆಗಳು ಬಂದವು, ಮಂತ್ರಿಗಳು ಭೇಟಿ ಕೊಟ್ಟರು, ಪತ್ರಿಕೆಗಳಲ್ಲಿ ಫೋಟೊ ಬಂತು. ಬನ್ನೇರುಘಟ್ಟ ಕಡೆಯಿಂದ ಆನೆಗಳು ತೋಟಕ್ಕೆ ಬಂದು ಹೋಗುತ್ತಿದ್ದವು. ಟಿಕೆಟ್ ತಗೊಂಡು ಚಿತ್ರ ನೋಡೋ ಸಾರ್ವಜನಿಕರು ಮಾತ್ರ ವರ್ಷಗಟ್ಟಲೆ ಗೇಟಿನ ಹೊರಗೇ ಉಳಿದರು.

ಈಗ ಮಾಸ್ಕೋ. ಈ ಕಥೆಗೂ ಬೇರು ಬೆಂಗಳೂರಿನಲ್ಲೇ.

1970ರ ದಶಕದಿಂದ ಸ್ವೆತೊಸ್ಲಾವ್ ತನ್ನ ಮತ್ತು ಅಪ್ಪನ ಚಿತ್ರಗಳನ್ನು ಸೋವಿಯತ್ ಊರುಗಳಲ್ಲಿ ಪ್ರದರ್ಶನಕ್ಕೆ ಕೊಡುತ್ತಿದ್ದ. ಅವುಗಳಲ್ಲಿ 288 ಚಿತ್ರಗಳು ಮಾಸ್ಕೋದ ಪ್ರಾಚ್ಯಕಲಾ ಮ್ಯೂಸಿಯಮ್ಮಿನಲ್ಲಿ ಉಳಿದವು. ಗೊರ್ಬಚೆವ್ ಕಾಲ ಬಂತು. 1987ರಲ್ಲಿ ಸ್ವೆತೊಸ್ಲಾವ್ ಅವರನ್ನೇ ಭೇಟಿಯಾದ. ಅಪ್ಪನ ಹೆಸರಲ್ಲಿ ತಾಯ್ನಾಡಿನಲ್ಲಿ ಒಂದು ಕೇಂದ್ರ ಬೇಕು, ಆದರೆ ಅದು ಸರ್ಕಾರಿ ಇಲಾಖೆಯ ಅಡಿಯಲ್ಲಿ ಇರಬಾರದು, ಸಾರ್ವಜನಿಕ ಸಂಸ್ಥೆಯಾಗಿರಬೇಕು ಅನ್ನೋದು ಆತನ ಒತ್ತಾಯ. ಒಮ್ಮೆ ಶ್ರೀಮಂತನ ಕೈಗೆ ಕೊಟ್ಟು ಕಳಕೊಂಡ ಮನೆತನ ಅದು, ಇಲಾಖೆಯನ್ನೂ ನಂಬಲಿಲ್ಲ. ಸೋವಿಯತ್ ರೋರಿಕ್ ಪ್ರತಿಷ್ಠಾನ ಹುಟ್ಟಿತು. 1990ರಲ್ಲಿ ಆತ ಬೆಂಗಳೂರಿನಲ್ಲಿ ಕೂತು ಆ ಪ್ರತಿಷ್ಠಾನದ ಹೆಸರಿಗೆ ಪತ್ರ ಬರೆದುಕೊಟ್ಟ. ಮನೆತನದ ಚಿತ್ರಗಳು, ಕಾಗದಪತ್ರಗಳು, ಹೆಲೆನಾಳ ಹಸ್ತಪ್ರತಿಗಳು ಪೆಟ್ಟಿಗೆಗಟ್ಟಲೆ ಬೆಂಗಳೂರಿನಿಂದ ಮಾಸ್ಕೋಗೆ ಹೋದವು.

ಮರುವರ್ಷವೇ ಸೋವಿಯತ್ ಒಕ್ಕೂಟ ಅನ್ನೋ ದೇಶವೇ ಇಲ್ಲವಾಯಿತು! ಪತ್ರದಲ್ಲಿ ಹೆಸರಿದ್ದ ಸಂಸ್ಥೆ ಹೋಗಿ ಅದರ ಜಾಗದಲ್ಲಿ 'ಅಂತರರಾಷ್ಟ್ರೀಯ ರೋರಿಕ್ ಕೇಂದ್ರ' ಬಂತು. ಹಳೆಯ ಸಂಸ್ಥೆಗೆ ಕೊಟ್ಟದ್ದು ಹೊಸದಕ್ಕೆ ಸಲ್ಲುತ್ತದಾ? ಸ್ವೆತೊಸ್ಲಾವ್ 1992ರ ಅಕ್ಟೋಬರಿನಲ್ಲಿ ಬೆಂಗಳೂರಿನ ನೋಟರಿ ಎದುರು ಇನ್ನೊಂದು ಕಾಗದಕ್ಕೆ ಸಹಿ ಹಾಕಿ, ಹೊಸ ಕೇಂದ್ರವೇ ಹಳೆಯದರ ವಾರಸುದಾರ ಅಂದ. ಆ 288 ಚಿತ್ರಗಳನ್ನು ಕೇಂದ್ರಕ್ಕೆ ಕೊಡಿಸಿ ಅಂತ ಅದೇ ವರ್ಷ ಅಧ್ಯಕ್ಷ ಯೆಲ್ಟ್ಸಿನ್‌ಗೂ ಬರೆದ. ಮೂರು ತಿಂಗಳಲ್ಲಿ ತಾನೇ ಇಲ್ಲವಾದ.

ಆಮೇಲೆ ನಡೆದದ್ದು ಇಪ್ಪತ್ತೈದು ವರ್ಷಗಳ ಕಚ್ಚಾಟ. ರಷ್ಯಾ ಸರ್ಕಾರ 1993ರಲ್ಲಿ ಪ್ರಾಚ್ಯಕಲಾ ಮ್ಯೂಸಿಯಮ್ಮಿನ ಶಾಖೆಯಾಗಿಯೇ ರೋರಿಕ್ ಮ್ಯೂಸಿಯಂ ಆಗಲಿ ಅಂತ ತೀರ್ಮಾನಿಸಿತು, ಅಂದರೆ ಸ್ವೆತೊಸ್ಲಾವ್ ಬೇಡ ಅಂದಿದ್ದನ್ನೇ. ಕೇಂದ್ರದವರು ಲೊಪುಖಿನ್ ಮನೆತನದ ಪಾಳುಬಿದ್ದ ಬಂಗಲೆಯನ್ನು ದಾನದ ಹಣದಲ್ಲಿ ದುರಸ್ತಿ ಮಾಡಿ ತಮ್ಮದೇ ಮ್ಯೂಸಿಯಂ ನಡೆಸಿದರು. ಬೆಂಗಳೂರಿನ ಆ ಕಾಗದ ಉಯಿಲೋ ಬರೀ ಇಚ್ಛೆಯೋ ಅಂತ ರಷ್ಯಾದ ಕೋರ್ಟುಗಳಲ್ಲಿ ವಾದ ನಡೆಯಿತು, ತೀರ್ಪುಗಳು ಅತ್ತಿತ್ತ ಹೊರಳಿದವು. ಕೇಂದ್ರಕ್ಕೆ ದೊಡ್ಡ ದಾನಿಯೊಬ್ಬ ಇದ್ದ, ಮಾಸ್ಟರ್ ಬ್ಯಾಂಕಿನ ಒಡೆಯ. 2013ರಲ್ಲಿ ಆ ಬ್ಯಾಂಕಿನ ಪರವಾನಗಿಯೇ ರದ್ದಾಯಿತು. ದಾನಿಯ ಹಣದ ಮೂಲದ ಬಗ್ಗೆ ಅನುಮಾನ ಎದ್ದಾಗ, ಆ ಹಣದಲ್ಲಿ ಬಂದ ಚಿತ್ರಗಳ ಮೇಲೂ ಕಣ್ಣು ಬಿತ್ತು. 2017ರ ಮಾರ್ಚ್‌ನಲ್ಲಿ ಪೊಲೀಸರು ಮ್ಯೂಸಿಯಮ್ಮಿಗೇ ಬಂದು ಹುಡುಕಾಡಿ ಸುಮಾರು ಇನ್ನೂರು ಕಲಾಕೃತಿಗಳನ್ನು ಹೊತ್ತೊಯ್ದರು. ಏಪ್ರಿಲ್ ಕೊನೆಯಲ್ಲಿ ಬಂಗಲೆಯೇ ಪ್ರಾಚ್ಯಕಲಾ ಮ್ಯೂಸಿಯಮ್ಮಿನ ವಶವಾಯಿತು. ಕಾಲು ಶತಮಾನ ಕಾದುಕೊಂಡಿದ್ದವರು ಬೀದಿಗೆ ಬಂದರು.

ಇದರಲ್ಲಿ ಯಾರು ಸರಿ? ಒಂದೊಂದು ಕಡೆಯಿಂದ ನೋಡಿದಾಗ ಒಂದೊಂದು ಸರಿ ಅನಿಸುತ್ತೆ. ರಾಷ್ಟ್ರೀಯ ಮ್ಯೂಸಿಯಂ ಅಂದರೆ ನಾಳೆ ಯಾವ ದಾನಿ ಕೈಕೊಟ್ಟರೂ ಮುಚ್ಚಲ್ಲ. ಆ ಭದ್ರತೆ ಸಣ್ಣದಲ್ಲ. ಆದರೆ ಕೊಟ್ಟವನು ಸ್ಪಷ್ಟವಾಗಿ 'ಇವರ ಕೈಗೆ ಬೇಡ' ಅಂದಮೇಲೂ ಅವರ ಕೈಗೇ ಸೇರಿದರೆ, ದಾನ ಅನ್ನೋದಕ್ಕೆ ಅರ್ಥ ಏನು? ಇತ್ತ ಕರ್ನಾಟಕದಲ್ಲಿ ಸರ್ಕಾರ ಕೈ ಹಾಕದಿದ್ದರೆ ಆ ತೋಟ ಇಷ್ಟೊತ್ತಿಗೆ ಲೇಔಟ್ ಆಗಿರುತ್ತಿತ್ತು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಕೈ ಹಾಕಿದ ಸರ್ಕಾರ ತೋರಿಸಬೇಕಾದವರಿಗೆ ತೋರಿಸದೆ ಇಟ್ಟುಕೊಂಡರೆ ಅದು ಕಾಪಾಡಿದ್ದಾ, ಬಚ್ಚಿಟ್ಟಿದ್ದಾ?

ಮೂರೂ ಊರಿನಲ್ಲಿ ಒಂದು ಸಂಗತಿ ಸಮಾನ. ನ್ಯೂಯಾರ್ಕಿನಲ್ಲಿ ಷೇರು ಪತ್ರ, ಬೆಂಗಳೂರಿನಲ್ಲಿ ಕ್ರಯಪತ್ರ, ಮಾಸ್ಕೋದಲ್ಲಿ ನೋಟರಿ ಪತ್ರ. ಯಾರೂ ಚಿತ್ರದ ಬಗ್ಗೆ ಜಗಳವಾಡಲಿಲ್ಲ. ಜಗಳವೆಲ್ಲ ಚಿತ್ರದ ಬೆನ್ನಿಗಂಟಿದ ಕಾಗದದ್ದು. ಮತ್ತೆ ಮೂರೂ ಕಡೆ ಆ ಕಾಗದ ಹುಟ್ಟಿದ್ದು ನಂಬಿಕೆ ಇದ್ದ ಕಾಲದಲ್ಲಿ. ಓದಿದ್ದು ನಂಬಿಕೆ ಮುರಿದ ಮೇಲೆ.

ಈ ಕೇಸುಗಳನ್ನೆಲ್ಲ ಓದುವಾಗಲೇ ಮಾಮನ ಮಾತು ನೆನಪಾದದ್ದು. ಕಣ್ಣು ತೆಗೆದ್ಮ್ಯಾಲೆ ನಂದಲ್ಲ ಅನ್ನೋದು ಬರೀ ಭಕ್ತಿಯ ಮಾತು ಅಂದುಕೊಂಡಿದ್ದೆ. ಅದು ಕಾನೂನಿನ ಮಾತೂ ಹೌದು. ನಮ್ಮ ಕಾನೂನಿನಲ್ಲಿ ಪ್ರತಿಷ್ಠೆಯಾದ ದೇವರು ಒಬ್ಬ 'ವ್ಯಕ್ತಿ'. ಆತನ ಹೆಸರಲ್ಲಿ ಆಸ್ತಿ ಇರಬಹುದು, ಆತ ಕೋರ್ಟಿಗೂ ಹೋಗಬಹುದು. ಇದು ನಮ್ಮಲ್ಲಷ್ಟೇ ನಡೆಯೋ ಮಾತು ಅಂದುಕೊಳ್ಳಬೇಡಿ. ತಮಿಳುನಾಡಿನ ಪತ್ತೂರಿನ ನೆಲದಲ್ಲಿ ಸಿಕ್ಕ ಕಂಚಿನ ನಟರಾಜ ಕಳ್ಳದಾರಿಯಲ್ಲಿ ಲಂಡನ್ ಸೇರಿದ್ದ. ಕೆನಡಾದ ಒಂದು ಕಂಪನಿ ಅದನ್ನು ಕೊಂಡಿತ್ತು. ಪಾಳುಬಿದ್ದ ಆ ದೇವಸ್ಥಾನದ ಪರವಾಗಿ ಹಾಕಿದ ದಾವೆಯನ್ನು ಇಂಗ್ಲೆಂಡಿನ ಕೋರ್ಟು ಒಪ್ಪಿಕೊಂಡು, 1991ರಲ್ಲಿ ಮೇಲ್ಮನವಿಯಲ್ಲೂ ಎತ್ತಿಹಿಡಿಯಿತು. ನಟರಾಜ ವಾಪಸು ಬಂದ. ಕ್ರಯಪತ್ರ ಇದ್ದ ಕಂಪನಿ ಸೋತಿತು, ಕಾಗದವೇ ಇಲ್ಲದ ದೇವಸ್ಥಾನ ಗೆದ್ದಿತು.

ಹಾಗಂತ ನಮ್ಮ ಶಿಲ್ಪಿಗಳು ಯಾವತ್ತೂ ಹೆಸರು ಹಾಕಲಿಲ್ಲ ಅನ್ನೋದೂ ತಪ್ಪು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರನ್ನು ಕಲ್ಲಿನಲ್ಲೇ ಬಿಟ್ಟು ಹೋಗಿದ್ದಾರೆ. ಅದು 'ಇದು ನಂದು' ಅನ್ನೋ ಹಕ್ಕುಪತ್ರ ಅಲ್ಲ, 'ಮಾಡಿದವನು ನಾನು' ಅನ್ನೋ ಗುರುತು. ಮಾಡಿದವನು ಯಾರು, ಒಡೆಯ ಯಾರು, ಕಾಯುವವನು ಯಾರು — ಇವು ಮೂರು ಬೇರೆ ಬೇರೆ ಪ್ರಶ್ನೆ. ರೋರಿಕ್ ಜಗಳಗಳಲ್ಲಿ ಎಲ್ಲರೂ ಎರಡನೆಯದಕ್ಕೆ ಉತ್ತರ ಹುಡುಕಿದರು.

ಚಿತ್ರಕ್ಕೆ ದೇವರ ಸವಲತ್ತು ಇಲ್ಲ. ಅದು ಕೋರ್ಟಿಗೆ ಹೋಗಿ 'ನನ್ನನ್ನು ಗೋಡೆಗೆ ಹಾಕಿ, ಜನ ನೋಡಲಿ' ಅಂತ ಕೇಳಲಾರದು. ಅದರ ಪರವಾಗಿ ಕೇಳಬೇಕಾದವರು ನೋಡೋ ನಾವೇ. ತೆರಿಗೆ ಕಟ್ಟೋ ನಾವು ಹೊಂಡದ ಬಗ್ಗೆ ಟ್ವೀಟ್ ಮಾಡ್ತೀವಿ, ಕಸದ ಬಗ್ಗೆ ಮಾಡ್ತೀವಿ. ನಮ್ಮ ಹೆಸರಲ್ಲೇ, 'ಸಾರ್ವಜನಿಕ ಉದ್ದೇಶ' ಅಂತ ಹೇಳಿಯೇ ತಗೊಂಡ ಚಿತ್ರಗಳು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ, ಯಾವಾಗ ತೋರಿಸ್ತೀರಿ ಅಂತ ಎಷ್ಟು ಸಲ ಕೇಳಿದ್ದೀವಿ? ನಾನಂತೂ ಇದನ್ನು ಬರೆಯೋ ತನಕ ಒಂದು ಸಲವೂ ಕೇಳಿರಲಿಲ್ಲ.

ಹೋದ ವರ್ಷ ಮಾಮ ಕಣ್ಣಿನ ಪೊರೆ ತೆಗೆಸೋಕೆ ಬೆಂಗಳೂರಿಗೆ ಬಂದಿದ್ದ. ಆಪರೇಶನ್ ಆಗಿ ಕಣ್ಣು ಸರಿಹೋದ ಮೇಲೆ ಊರಿಗೆ ಬಿಡೋ ಮುಂಚೆ ಚಿತ್ರಕಲಾ ಪರಿಷತ್ತಿಗೆ ಕರಕೊಂಡು ಹೋದೆ. ರೋರಿಕ್ ಗ್ಯಾಲರಿಯಲ್ಲಿ ನಾವಿಬ್ಬರೇ. ನಾನು ನ್ಯೂಯಾರ್ಕು, ಮಾಸ್ಕೋ, ಸುಪ್ರೀಂ ಕೋರ್ಟು ಅಂತ ಪಿಸುದನಿಯಲ್ಲಿ ಕಥೆ ಹೇಳುತ್ತಿದ್ದೆ. ಮಾಮ ಹೂಂಗುಡುತ್ತಲೇ ಬೆಟ್ಟದ ಒಂದು ಚಿತ್ರಕ್ಕೆ ತೀರಾ ಹತ್ತಿರ ಹೋಗಿ, ಕೈ ಹಿಂದೆ ಕಟ್ಟಿಕೊಂಡು, ಮೂಲೆಯಿಂದ ಮೂಲೆಗೆ ನೋಡಿದ. ಕಲ್ಲಿನಲ್ಲಿ ಸಣ್ಣ ಬಿರುಕು ಹುಡುಕುವಾಗ ನೋಡೋ ಹಾಗೆ.

ಯಾರದ್ದು ಅಂತ ಕೇಳಲಿಲ್ಲ, ಎಷ್ಟು ಬೆಲೆ ಅಂತಲೂ ಕೇಳಲಿಲ್ಲ.

"ಇದ್ನ ದಿನಾ ಯಾರಪ್ಪ ಒರೆಸ್ತಾರೆ?" ಅಂದ.